ಎರಡು ವಾರ ದಾಟಿದ ಕೆಮ್ಮು: ಡಾಕ್ಟರ್ ಮೇಡಂ ಅವರನ್ನು ಕೇಳಿ

ಅಡ್ಮಿನ್: ಈ ವಾರ ಮೈಸೂರಿನ ಶ್ವಾಸಕೋಶದ ಡಾಕ್ಟರ್ ಒಬ್ಬರು ನಮ್ಮ ಗುಂಪಿನಲ್ಲಿ ಇರುತ್ತಾರೆ. ಟಿಬಿ ಹೇಗೆ ಹರಡುತ್ತೆ, ಹೇಗೆ ಪತ್ತೆ ಮಾಡ್ತಾರೆ ಅಂತ ಕೇಳಿ. ರೋಗಿಯ ಹೆಸರು, ಫೋನ್ ನಂಬರ್ ಹಾಕಬೇಡಿ.

ಡಾಕ್ಟರ್: ನಮಸ್ಕಾರ. ಸಂಜೆ ಓಪಿಡಿ ಮುಗಿಸಿ ಉತ್ತರ ಕೊಡುತ್ತೇನೆ. ಮೊದಲೇ ಒಂದು ಮಾತು. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಒಂಟಿಕೊಪ್ಪಲ್ ಮನೆ: ಮೇಡಂ, ನಮ್ಮ ಬಾಡಿಗೆಯವರ ಮಗನಿಗೆ ಟಿಬಿ ಅಂತೆ. ಅವರ ತಟ್ಟೆ ಲೋಟ ಬೇರೆ ಇಡಲು ಹೇಳಬೇಕಾ? ಗೇಟು, ನಲ್ಲಿ ಎಲ್ಲ ಡೆಟಾಲ್ ಹಾಕಿ ತೊಳೆಯಬೇಕಾ?

ಡಾಕ್ಟರ್: ಬೇಡ. ಟಿಬಿ ಗಾಳಿಯಲ್ಲಿ ಹರಡುತ್ತದೆ. ತಟ್ಟೆಯಲ್ಲಿ, ಬಟ್ಟೆಯಲ್ಲಿ, ಗೇಟಿನಲ್ಲಿ ಅಲ್ಲ. ಕಿಟಕಿ ತೆಗೆದಿಡಲು ಹೇಳಿ. ಅವರನ್ನು ಮನೆ ಬಿಡಿಸಬೇಡಿ.

ಪಾಂಡವಪುರದ ಸೊಸೆ: ಮೇಡಂ, ನನ್ನ ಮಗಳಿಗೆ ಎರಡೂವರೆ ವರ್ಷ. ಮೂರು ತಿಂಗಳಿಂದ ತೂಕ ಏರಿಲ್ಲ. ಸಂಜೆಯಾದರೆ ಮೈ ಬಿಸಿ. ದೃಷ್ಟಿ ಅಂದರು, ದೃಷ್ಟಿ ತೆಗೆದು ತಾಯಿತ ಕಟ್ಟಿಸಿದೆವು. ಕೊನೆಗೆ ಮಕ್ಕಳ ಡಾಕ್ಟರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮೂಗಿನಿಂದ ಟ್ಯೂಬ್ ಹಾಕಿ, ಹೊಟ್ಟೆಯ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಟಿಬಿ ಅಂತ ಬಂತು. ಮಾತ್ರೆ ಶುರುವಾಗಿ ಐದು ದಿನ. ಆದರೆ ನಮ್ಮ ಮನೆಯಲ್ಲಿ ಯಾರಿಗೂ ಟಿಬಿ ಇಲ್ಲ. ಅಂಗನವಾಡಿಯಿಂದ ಬಂತಾ? ನಾಲ್ಕು ವರ್ಷದ ಮಗನೂ ಇದ್ದಾನೆ. ಅವನನ್ನು ಇವಳಿಂದ ದೂರ ಮಲಗಿಸಬೇಕಾ?

ಡಾಕ್ಟರ್: ಅಮ್ಮ, ಬೇರೆ ಪ್ರಶ್ನೆ ಎಲ್ಲ ಬಿಟ್ಟು ಮೊದಲು ನಿಮಗೇ ಬರೆಯುತ್ತಿದ್ದೇನೆ. ಮಗುವಿಗೆ ಮಾತ್ರೆ ಶುರುವಾಗಿದೆ, ಒಳ್ಳೆಯದಾಯಿತು. ಆದರೆ ಕೆಲಸ ಇನ್ನೂ ಅರ್ಧ ಬಾಕಿ ಇದೆ.

ದೊಡ್ಡವರ ಮೈಯಲ್ಲಿ ಟಿಬಿ ಕ್ರಿಮಿ ಹತ್ತಿಪ್ಪತ್ತು ವರ್ಷ ಸುಮ್ಮನೆ ಮಲಗಿರಬಹುದು. ಹಾಗಾಗಿ ಅವರಿಗೆ ಎಲ್ಲಿಂದ ಬಂತು ಅಂತ ಹುಡುಕೋದು ಕಷ್ಟ. ನಿಮ್ಮ ಮಗಳು ಹುಟ್ಟಿಯೇ ಎರಡೂವರೆ ವರ್ಷ. ಅಂದರೆ ಇದು ಈಚೆಗೆ ತಗುಲಿದ್ದು. ದೊಡ್ಡವರು ಯಾರೋ ಅವಳ ಹತ್ತಿರ ಕೂತು ಕೆಮ್ಮಿದ್ದಾರೆ. ಬಹಳ ಸಲ ಅವರು ಮನೆಯವರೇ ಆಗಿರುತ್ತಾರೆ. ಅವರಿಗೇ ಅದು ಗೊತ್ತಿರುವುದಿಲ್ಲ. ಅವರು ಇವತ್ತೂ ಕೆಮ್ಮುತ್ತಿರಬಹುದು.

ಚಿಕ್ಕ ಮಕ್ಕಳಿಂದ ಟಿಬಿ ಹರಡುವುದು ತೀರಾ ಅಪರೂಪ. ಅವರ ಕಫದಲ್ಲಿ ಕ್ರಿಮಿ ಕಡಿಮೆ, ಕೆಮ್ಮುವ ಬಲವೂ ಕಡಿಮೆ. ಉಗುಳಲು ಬರಲ್ಲ, ಕಫ ನುಂಗಿಬಿಡುತ್ತಾರೆ. ಅದಕ್ಕೇ ಹೊಟ್ಟೆಯ ನೀರು ತೆಗೆದದ್ದು. ಮಗನನ್ನು ದೂರ ಮಲಗಿಸಬೇಡಿ. ಅವನನ್ನೂ ಡಾಕ್ಟರಿಗೆ ತೋರಿಸಿ. ಟಿಬಿ ಇಲ್ಲ ಅಂತ ಖಚಿತವಾದರೆ, ಐದು ವರ್ಷದೊಳಗಿನವನಾದ್ದರಿಂದ ಬರದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಅದನ್ನು ಬಿಡಬೇಡಿ.

ಈಗ ನನಗೆ ಹೇಳಿ. ಮಗಳು ರಾತ್ರಿ ಯಾರ ಪಕ್ಕ ಮಲಗುತ್ತಾಳೆ? ಹಗಲು ಯಾರು ಎತ್ತಿಕೊಂಡಿರುತ್ತಾರೆ? 'ಅದು ಹಳೇ ಕೆಮ್ಮು ಬಿಡು' ಅಂತ ನೀವೆಲ್ಲ ಬಿಟ್ಟಿರುವವರು ಯಾರಾದರೂ ಇದ್ದಾರಾ?

ಹೆಬ್ಬಾಳ ಫ್ಯಾಕ್ಟರಿ: ಮೇಡಂ, ಲ್ಯಾಬಿನಲ್ಲಿ ರಕ್ತ ಕೊಟ್ಟು ಟಿಬಿ ಐಜಿಜಿ ಮಾಡಿಸಿದೆ. ಪಾಸಿಟಿವ್ ಬಂದಿದೆ. ಕೆಮ್ಮು ಇಲ್ಲ, ಜ್ವರ ಇಲ್ಲ. ಮಾತ್ರೆ ಶುರು ಮಾಡಲಾ?

ಡಾಕ್ಟರ್: ಬೇಡ. ರಕ್ತದಲ್ಲಿ ಆ್ಯಂಟಿಬಾಡಿ ನೋಡಿ ಟಿಬಿ ಹೇಳುವ ಪರೀಕ್ಷೆಯನ್ನು ಭಾರತ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಆ ರಿಪೋರ್ಟಿಗೆ ಬೆಲೆ ಇಲ್ಲ. ಮಾಡಿದವರು ಮಾಡಬಾರದಿತ್ತು.

ಪಾಂಡವಪುರದ ಸೊಸೆ: ಮಾವನಿಗೆ ಕೆಮ್ಮು ಇದೆ ಮೇಡಂ. ಆದರೆ ಅದು ಬೀಡಿ ಕೆಮ್ಮು. ಆಲೆಮನೆಯಲ್ಲಿ ಒಲೆಗೆ ಕಬ್ಬಿನ ರಚ್ಚು ಹಾಕುವ ಕೆಲಸ, ಹೊಗೆ ಜಾಸ್ತಿ. ಮಗಳು ಅವರ ಪಕ್ಕವೇ ಮಲಗೋದು. ತಾತನ ಪಂಚೆ ಹಿಡಿದುಕೊಳ್ಳದಿದ್ದರೆ ಅವಳಿಗೆ ನಿದ್ದೆ ಬರಲ್ಲ. ಯುಗಾದಿ ಹೊತ್ತಿಗೆ ಅವರ ಕಫ ಕೊಟ್ಟಿದ್ವಿ. ಟಿಬಿ ಇಲ್ಲ ಅಂತ ಬಂತು. ಆಮೇಲೆ ಮೆಡಿಕಲ್‌ನವರು ಕೊಟ್ಟ ಮಾತ್ರೆ ಎರಡು ಸಲ ತಗೊಂಡರು. ಎರಡೂ ಸಲ ಕಡಿಮೆಯಾಗಿ ಮತ್ತೆ ಬಂತು. ಪಟ್ಟಿಯಲ್ಲಿ ಲಿವೋಫ್ಲಾಕ್ಸಾಸಿನ್ ಅಂತಿದೆ.

ಡಾಕ್ಟರ್: ಇದೇ ನನಗೆ ಭಯ ಇದ್ದದ್ದು. ಲಿವೋಫ್ಲಾಕ್ಸಾಸಿನ್ ಟಿಬಿ ಕ್ರಿಮಿಯನ್ನೂ ಹೊಡೆಯುತ್ತದೆ. ಐದು ದಿನ ತಗೊಂಡರೆ ಕ್ರಿಮಿ ಸ್ವಲ್ಪ ತಗ್ಗುತ್ತದೆ, ಕೆಮ್ಮು ಇಳಿಯುತ್ತದೆ, ಪರೀಕ್ಷೆಗೂ ಸಿಗದೆ ಹೋಗಬಹುದು. ಸಾಯುವುದಿಲ್ಲ. ಉಳಿದದ್ದು ಆ ಮಾತ್ರೆಗೆ ಒಗ್ಗಿಕೊಂಡು ಬೆಳೆಯಬಹುದು. ಚೀಟಿ ಇಲ್ಲದೆ ಅದನ್ನು ಕೊಟ್ಟವರ ಮೇಲೆ ನನಗೆ ಸಿಟ್ಟಿದೆ.

ಇನ್ನು ಆ ಕಫ. ಅವರು ಡಬ್ಬಿಯಲ್ಲಿ ಕೊಟ್ಟದ್ದು ಎಂಜಲಾ, ಕಫವಾ? ನೀರಿನ ಹಾಗೆ ನೊರೆ ನೊರೆಯಾಗಿದ್ದರೆ ಅದು ಎಂಜಲು. ಅದರಲ್ಲಿ ಏನೂ ಸಿಗಲ್ಲ. ಮೈಕ್ರೋಸ್ಕೋಪಿನಲ್ಲಿ ಕಾಣಬೇಕಾದರೆ ಒಂದು ಎಂಎಲ್ ಕಫದಲ್ಲಿ ಸುಮಾರು 10,000 ಕ್ರಿಮಿ ಇರಬೇಕು. ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರಕ್ಕೆ ಅದಕ್ಕಿಂತ ಬಹಳ ಕಡಿಮೆ ಇದ್ದರೂ ಸಾಕು. ಅದು ಕ್ರಿಮಿಯ ಡಿಎನ್‌ಎ ಹುಡುಕುತ್ತದೆ. ರಿಫಾಂಪಿಸಿನ್ ಅನ್ನೋ ಟಿಬಿ ಔಷಧಿ ನಾಟುತ್ತಾ ಇಲ್ಲವಾ ಅಂತಲೂ ಹೇಳುತ್ತದೆ. ಇದು ಮಗಳಿಗೂ ಮುಖ್ಯ. ಮಾವನ ಕ್ರಿಮಿಗೆ ಯಾವ ಔಷಧಿ ನಾಟಲ್ಲವೋ, ಅವಳಿಗೂ ಅದು ನಾಟದಿರಬಹುದು.

ನಾಳೆ ಹೀಗೆ ಮಾಡಿ. ಬೆಳಗ್ಗೆ ಎದ್ದ ತಕ್ಷಣ, ಕಾಫಿ ಬೀಡಿಗೆ ಮೊದಲು, ಅವರು ಬರೀ ನೀರಲ್ಲಿ ಬಾಯಿ ಮುಕ್ಕಳಿಸಲಿ. ಹಿತ್ತಲಿಗೆ ಹೋಗಲಿ, ಮನೆಯೊಳಗೆ ಬೇಡ. ಎರಡು ಸಲ ಆಳವಾಗಿ ಉಸಿರು ಎಳೆದು ಬಿಡಲಿ. ಮೂರನೇ ಸಲ ಎದೆಯಿಂದ ಕೆಮ್ಮಿ ತೆಗೆಯಲಿ. ಗಟ್ಟಿಯಾಗಿ, ಗಂಜಿಯ ಹಾಗೆ, ಒಂದು ಟೀ ಚಮಚದಷ್ಟಾದರೂ ಇರಬೇಕು. ಮುಚ್ಚಳ ಬಿಗಿ ಮಾಡಿ ಅವತ್ತೇ ಕೊಡಿ. ಸಿಬಿನ್ಯಾಟ್ ಅಂತ ಬಾಯಿಬಿಟ್ಟು ಕೇಳಿ. ಎದೆಯ ಎಕ್ಸ್‌ರೇ ಕೂಡ ಆಗಲಿ. ರಿಪೋರ್ಟ್ ಬರುವವರೆಗೆ ಅವರು ಜಗಲಿಯಲ್ಲಿ ಮಲಗಲಿ, ಮಾಸ್ಕ್ ಹಾಕಲಿ. ಬಯ್ಯಬೇಡಿ ಅಮ್ಮ. ಮೊಮ್ಮಗಳಿಗೆ ತನ್ನಿಂದ ಬಂತು ಅಂತ ಗೊತ್ತಾದರೆ ಆ ಮನುಷ್ಯ ಊಟ ಬಿಟ್ಟಾರು.

ಕೆ.ಆರ್.ಪೇಟೆ ಶುಭೋದಯ: ಬಂದಿದ್ದು ಕಳಿಸ್ತಿದ್ದೇನೆ. ಆಡುಸೋಗೆ ಎಲೆ ರಸ, ಹಿಪ್ಪಲಿ, ಜೇನು, 21 ದಿನ. ಟಿಬಿ ಬುಡಸಮೇತ ಹೋಗುತ್ತೆ. ಇಂಗ್ಲಿಷ್ ಮಾತ್ರೆ ಲಿವರ್ ತಿನ್ನುತ್ತೆ. 10 ಜನಕ್ಕೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ.

ಡಾಕ್ಟರ್: ದಯವಿಟ್ಟು ಇದನ್ನು ಅಳಿಸಿ. ಆಡುಸೋಗೆ ಕಷಾಯದಿಂದ ಗಂಟಲಿಗೆ ಹಿತ ಅನ್ನಿಸಬಹುದು. ಟಿಬಿ ಹೋಗಲ್ಲ. ಆ 21 ದಿನವೂ ಆ ವ್ಯಕ್ತಿ ಮನೆಯವರ ನಡುವೆ ಕೆಮ್ಮುತ್ತಿರುತ್ತಾನೆ. ಲಿವರ್ ಬಗ್ಗೆ ನಾನೇ ಹೇಳುತ್ತೇನೆ. ಕೆಲವರಿಗೆ ಟಿಬಿ ಮಾತ್ರೆಯಿಂದ ಲಿವರಿಗೆ ತೊಂದರೆ ಆಗುವುದು ನಿಜ. ಊಟ ಸೇರದೆ ವಾಂತಿ, ಕಣ್ಣು ಹಳದಿ ಆದರೆ ಅವತ್ತೇ ಆಸ್ಪತ್ರೆಗೆ ಬನ್ನಿ, ಮಾತ್ರೆ ಬದಲಿಸುತ್ತೇವೆ. ಮೂತ್ರ ಕಿತ್ತಳೆ ಬಣ್ಣ ಬರುವುದು ರಿಫಾಂಪಿಸಿನ್ ಬಣ್ಣ. ಅದಕ್ಕೆ ಹೆದರಿ ಬಿಡಬೇಡಿ.

ಶ್ರೀರಂಗಪಟ್ಟಣ ಆಟೋ: ಮೇಡಂ, ನನಗೆ ಶುಗರ್ ಇದೆ. ಟಿಬಿ ಬೇಗ ಬರುತ್ತಾ?

ಡಾಕ್ಟರ್: ಶುಗರ್ ಇರುವವರಿಗೆ ಎರಡು ಮೂರು ಪಟ್ಟು ಜಾಸ್ತಿ. ಶುಗರ್ ಹಿಡಿತದಲ್ಲಿಡಿ. ಕೆಮ್ಮು, ಜ್ವರ ಬಂದರೆ ತಡ ಮಾಡಬೇಡಿ.

ಮದ್ದೂರು ಅಣ್ಣ: ನನ್ನ ತಂಗಿಗೆ ಆರು ತಿಂಗಳ ಕೋರ್ಸ್ ಮುಗಿದು ವರ್ಷ ಆಯ್ತು. ಪೂರ್ತಿ ವಾಸಿ ಅಂದಿದ್ದಾರೆ. ಈಗ ಗಂಡು ಗೊತ್ತಾಗಿದೆ. ಅವರಿಗೆ ಹೇಳಬೇಕಾ?

ಚಾಮುಂಡಿಪುರಂ ಮೇಷ್ಟ್ರು: ಹೇಳಲೇಬೇಕು. ಮುಚ್ಚಿಟ್ಟು ಮದುವೆ ಮಾಡೋದು ಮೋಸ.

ನಂಜನಗೂಡು ಅಕ್ಕ: ಯಾಕೆ ಹೇಳಬೇಕು ಮೇಷ್ಟ್ರೇ? ಟೈಫಾಯ್ಡ್ ಬಂದಿದ್ದು ಹೇಳ್ತಾರಾ? ಗಂಡಿಗೆ ಬಂದಿದ್ದರೆ ಯಾರೂ ಕೇಳ್ತಿರಲಿಲ್ಲ. ಹೆಣ್ಣಿಗಾದರೆ ಮಾತ್ರ ಮೋಸ.

ಚಾಮುಂಡಿಪುರಂ ಮೇಷ್ಟ್ರು: ನಾನು ಗಂಡು ಹೆಣ್ಣು ಅಂದಿಲ್ಲ. ನಾಳೆ ಗೊತ್ತಾದರೆ ಆ ಹುಡುಗಿಗೇ ಕಷ್ಟ ಅಂದೆ.

ನಂಜನಗೂಡು ಅಕ್ಕ: ನಿಮ್ಮಂಥವರು ಹೀಗೆ ಅನ್ನೋದಕ್ಕೇ ಹುಡುಗಿಯರು ಮಾತ್ರೆ ಬಚ್ಚಿಟ್ಟು ನುಂಗೋದು. ನಾನೂ ಹಾಗೇ ನುಂಗಿದವಳು. ಅಕ್ಕಿ ಡಬ್ಬದಲ್ಲಿ ಇಟ್ಟಿರುತ್ತಿದ್ದೆ.

ಮದ್ದೂರು ಅಣ್ಣ: ನಾನು ಡಾಕ್ಟರನ್ನು ಕೇಳಿದ್ದು. ನೀವಿಬ್ಬರೂ ಸುಮ್ನಿರಿ.

ಕೆ.ಆರ್.ಪೇಟೆ ಶುಭೋದಯ: ನಮ್ಮ ಕಡೆ ಟಿಬಿ ಇದ್ದ ಮನೆಯಿಂದ ಹೆಣ್ಣು ತರಲ್ಲ.

ಡಾಕ್ಟರ್: ಆ ಮಾತನ್ನು ಇಲ್ಲಿ ಬರೆಯಬೇಡಿ. ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ ಎಲ್ಲರಿಗೂ ಗೊತ್ತಲ್ವಾ. ನಾಲ್ವಡಿಯವರು ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ್ದು ಅದು. ಅರಮನೆಗೂ ಬಂದ ಕಾಯಿಲೆ ಇದು. ಅಣ್ಣ, ನಿಮ್ಮ ತಂಗಿಯ ಕೋರ್ಸ್ ಮುಗಿದು ವಾಸಿಯಾಗಿದ್ದರೆ ಅವಳಿಂದ ಯಾರಿಗೂ ಹರಡಲ್ಲ. ಹೇಳಬೇಕಾ ಬೇಡವಾ ಅನ್ನೋದು ಅವಳ ತೀರ್ಮಾನ. ಅವಳನ್ನು ಕೇಳಿದಿರಾ?

ಸರಸ್ವತಿಪುರಂ ಅಜ್ಜಿ: ನಮ್ಮ ಹಸು ಕೆಮ್ಮುತ್ತಿದೆ. ಹಾಲಿನಿಂದ ಟಿಬಿ ಬರುತ್ತಾ?

ಮಳವಳ್ಳಿ ಹುಡುಗ: ಮೇಡಂ, ರೂಮ್‌ಮೇಟ್‌ಗೆ ಟಿಬಿ. ತಟ್ಟೆ ಲೋಟ ಬೇರೆ ಇಡಬೇಕಾ?

ಡಾಕ್ಟರ್: ಮೇಲೆ ಬರೆದಿದ್ದೇನೆ. ಬೇಡ. ನೀವು ಪರೀಕ್ಷೆ ಮಾಡಿಸಿಕೊಳ್ಳಿ.

ಒಂಟಿಕೊಪ್ಪಲ್ ಮನೆ: ಆದರೂ ಒಂದು ಆರು ತಿಂಗಳು ರೋಗಿಗಳನ್ನು ಬೇರೆ ಕಡೆ ಇಟ್ಟರೆ ಉಳಿದವರಿಗೆ ಕ್ಷೇಮ ಅಲ್ವಾ?

ಡಾಕ್ಟರ್: ಇದನ್ನು 1950ರ ದಶಕದಲ್ಲೇ ಮದ್ರಾಸಿನಲ್ಲಿ ನೋಡಿದ್ದಾರೆ. ಅರ್ಧ ಜನಕ್ಕೆ ಸ್ಯಾನಿಟೋರಿಯಂನಲ್ಲಿ, ಅರ್ಧ ಜನಕ್ಕೆ ಮನೆಯಲ್ಲೇ ಚಿಕಿತ್ಸೆ ಕೊಟ್ಟರು. ಮನೆಯಲ್ಲಿದ್ದವರಿಂದ ಮನೆಯವರಿಗೆ ಹೆಚ್ಚು ಕಾಯಿಲೆ ಬರಲಿಲ್ಲ. ಹರಡುವುದೆಲ್ಲ ಬಹುಪಾಲು ಮಾತ್ರೆ ಶುರುವಾಗುವ ಮೊದಲೇ ಹರಡಿರುತ್ತದೆ. ಹೆದರಬೇಕಾದದ್ದು ಮಾತ್ರೆ ನುಂಗುತ್ತಿರುವ ನಿಮ್ಮ ಬಾಡಿಗೆ ಹುಡುಗನಿಗಲ್ಲ, ಪರೀಕ್ಷೆಯನ್ನೇ ಮಾಡಿಸದೆ ಕೆಮ್ಮುತ್ತಿರುವವರಿಗೆ. ಈ ವಿಷಯ ಇಲ್ಲಿಗೆ ಸಾಕು.

ಹೆಬ್ಬಾಳ ಫ್ಯಾಕ್ಟರಿ: ಮೇಡಂ, ನನ್ನ ಐಜಿಜಿ ರಿಪೋರ್ಟ್ ಇನ್ನೊಂದು ಸಲ ನೋಡ್ತೀರಾ?

ಕೆ.ಆರ್.ಪೇಟೆ ಶುಭೋದಯ: ಕಷಾಯ ಬೇಡ ಅಂದರೆ ಬೇಡ. ಬೆಳ್ಳುಳ್ಳಿ ಹಾಲು?

ಅಡ್ಮಿನ್: ಸಾಕು ಸರ್. ಇನ್ನೊಂದು ಮದ್ದು ಹಾಕಿದರೆ ಗುಂಪಿನಿಂದ ತೆಗೆಯುತ್ತೇನೆ.

ಪಾಂಡವಪುರದ ಸೊಸೆ: ಮೇಡಂ, ಮಾವನ ರಿಪೋರ್ಟ್ ಬಂತು. ಸಿಬಿನ್ಯಾಟ್‌ನಲ್ಲಿ ಟಿಬಿ ಇದೆ. ರಿಫಾಂಪಿಸಿನ್ ನಾಟುತ್ತೆ ಅಂತ ಬರೆದಿದ್ದಾರೆ. ನೀವು ಹೇಳಿದ ಹಾಗೇ ಹಿತ್ತಲಲ್ಲಿ ನಿಂತು ಕೊಟ್ಟರು. ಹೋದ ಸಲ ಎಂಜಲು ಕೊಟ್ಟಿದ್ದೆ ಅಂತ ಅವರೇ ಒಪ್ಪಿಕೊಂಡರು. ಇವತ್ತು ಬೆಳಗ್ಗೆ ಮಾತ್ರೆ ಶುರು. ಮಗಳು ಜಗಲಿ ಬಾಗಿಲಲ್ಲಿ ನಿಂತು ತಾತ ತಾತ ಅಂತ ಅಳುತ್ತಾಳೆ.

ಡಾಕ್ಟರ್: ಅಮ್ಮ, ನೀವು ದೊಡ್ಡ ಕೆಲಸ ಮಾಡಿದಿರಿ. ಹಗಲು ಅಂಗಳದಲ್ಲಿ, ಬಯಲು ಗಾಳಿಯಲ್ಲಿ, ತಾತ ಮಾಸ್ಕ್ ಹಾಕಿಕೊಂಡು ಅವಳ ಜೊತೆ ಕೂರಲಿ. ರಾತ್ರಿ ಒಂದೇ ಕೋಣೆ ಬೇಡ, ಡಾಕ್ಟರು ಸರಿ ಅನ್ನುವವರೆಗೆ. ಐಸೊನಿಯಾಜಿಡ್ ಅನ್ನೋ ಇನ್ನೊಂದು ಟಿಬಿ ಔಷಧಿ ನಾಟುತ್ತಾ ಅಂತ ನೋಡಲು ಇನ್ನೊಂದು ಕಫ ಕೇಳುತ್ತಾರೆ, ಬೇಸರಪಡದೆ ಕೊಡಿ. ಲಿವೋಫ್ಲಾಕ್ಸಾಸಿನ್ ಪಟ್ಟಿಯನ್ನು ಅಲ್ಲಿನ ಡಾಕ್ಟರಿಗೆ ತೋರಿಸಿ. ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ಪಟ್ಟಿ ನಿಕ್ಷಯ್‌ನಲ್ಲಿ ಇಬ್ಬರ ಹೆಸರೂ ಬ್ಯಾಂಕ್ ಖಾತೆಯೂ ಸೇರಿದೆಯಾ ನೋಡಿ. ಪೌಷ್ಟಿಕ ಆಹಾರಕ್ಕೆ ತಲಾ ತಿಂಗಳಿಗೆ 1,000 ರೂಪಾಯಿ ಬರಬೇಕು.

ಇನ್ನೊಂದು. ಆಲೆಮನೆಯಲ್ಲಿ ರಾತ್ರಿ ಅವರ ಜೊತೆ ಒಂದೇ ಕೊಠಡಿಯಲ್ಲಿ ಮಲಗುತ್ತಿದ್ದವರು ಯಾರು ಯಾರು?

ಪಾಂಡವಪುರದ ಸೊಸೆ: ನಾಲ್ಕು ಜನ ಮೇಡಂ. ಇಬ್ಬರು ಈಗ ಬೇರೆ ಆಲೆಮನೆಗೆ ಹೋಗಿದ್ದಾರೆ. ಒಬ್ಬನಿಗೆ ಕೆಮ್ಮು ಇತ್ತು ಅಂತಾರೆ ಮಾವ.

ಡಾಕ್ಟರ್: ಹೆಸರು ಇಲ್ಲಿ ಹಾಕಬೇಡಿ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ನಾಲ್ವರ ಹೆಸರನ್ನೂ ಇವತ್ತೇ ಬರೆದುಕೊಡಿ. ಬೇರೆ ಆಲೆಮನೆ ಯಾವ ಊರಿನದು ಅಂತಲೂ ಮಾವನನ್ನು ಕೇಳಿ ಬರೆಯಿರಿ.