ಬೇಸಿಗೆ ಬಂದ ಮೇಲೆ ಗುಂಡು ಎಡಕ್ಕೆ ಬೀಳ್ತಿದೆ, ಸ್ಟಾಕ್ ಬೆಡ್ಡಿಂಗ್ ಮಾಡಿಸಬೇಕಾ?

ರಾಯಚೂರು ಶೂಟರ್:
ನಮಸ್ಕಾರ. ಲೈಸೆನ್ಸ್ ಇರುವ ಪಾಯಿಂಟ್ ಟೂ ಟೂ ಬೋಲ್ಟ್ ರೈಫಲ್, ಮರದ ಸ್ಟಾಕ್ (ಬ್ಯಾರೆಲ್ ಕೂತಿರುವ ಮರದ ಹಿಡಿ). 50 ಮೀಟರ್‌ನಲ್ಲಿ ಮಳೆಗಾಲದಲ್ಲಿ ಚೆನ್ನಾಗಿಯೇ ಬೀಳ್ತಿತ್ತು. ಈಗ ಅದೇ ಗುಂಡು, ಅದೇ ರೆಸ್ಟ್, ಆದರೂ ಗ್ರೂಪ್, ಅಂದ್ರೆ ಗುಂಡುಗಳು ಬೀಳುವ ಗುಂಪು, ಎಡಕ್ಕೆ ಹೋಗಿ ಹರಡಿಕೊಂಡಿದೆ. ಸ್ಕೋಪ್ ಬದಲಿಸು ಅಂತಾರೆ ಎಲ್ಲರೂ. ಸ್ಟಾಕ್‌ನ ಕಾಟ ಇರಬಹುದಾ? ಬೆಡ್ಡಿಂಗ್, ಅಂದ್ರೆ ಸ್ಟಾಕ್ ಒಳಗೆ ಎಪಾಕ್ಸಿ ಅಂಟು ತುಂಬಿ ರೈಫಲ್ ಸಮನಾಗಿ ಕೂರಿಸೋದು, ಬೇಕಾ?

ಕೊಪ್ಪಳ ಟೂ ಟೂ:
ಸ್ಕೋಪ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ ಸರ್. ಮೌಂಟ್ ಸ್ಕ್ರೂ ಬಿಗಿ ಇವೆಯಾ ನೋಡಿ. ಆಮೇಲೆ ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದಿಟ್ಟು, ಬ್ಯಾರೆಲ್‌ಗೂ ಮರಕ್ಕೂ ನಡುವೆ ಹತ್ತು ರೂಪಾಯಿ ನೋಟು ತೂರಿಸಿ ಆಕ್ಷನ್ (ಬೋಲ್ಟ್ ಕೂರುವ ಲೋಹದ ಭಾಗ) ಕಡೆಗೆ ಎಳೆಯಿರಿ. ಸಿಕ್ಕಿಕೊಂಡ ಜಾಗದಲ್ಲಿ ಮರ ತಾಗ್ತಿದೆ ಅಂತ ಲೆಕ್ಕ. ನಮ್ಮ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತೆ, ಮರ ಒಣಗಿ ಸೊಟ್ಟಗಾಗುತ್ತೆ, ಮಳೆ ಬಂದರೆ ತೇವ ಕುಡಿದು ಉಬ್ಬುತ್ತೆ. ಒಂದೇ ಮಾತು, ಕೆಲವು ರೈಫಲ್‌ಗಳಲ್ಲಿ ಸ್ಟಾಕ್ ತುದಿಯಲ್ಲಿ ಬ್ಯಾರೆಲ್‌ಗೆ ಬೇಕಂತಲೇ ಒತ್ತು ಕೊಟ್ಟಿರ್ತಾರೆ, ಅದನ್ನು ನೋಡದೆ ಉಜ್ಜಬೇಡಿ.

ಬಳ್ಳಾರಿ ರೇಂಜ್:
ಇನ್ನೊಂದು ಪರೀಕ್ಷೆ. ಸ್ಟಾಕ್ ತುದಿ ಮತ್ತು ಬ್ಯಾರೆಲ್ ಎರಡಕ್ಕೂ ತಾಗುವಂತೆ ಬೆರಳಿಟ್ಟು ಮುಂದಿನ ಸ್ಕ್ರೂ ಮೆಲ್ಲಗೆ ಸಡಿಲಿಸಿ, ಮತ್ತೆ ಬಿಗಿ ಮಾಡಿ. ಬೆರಳಿಗೆ ಅಲುಗಾಟ ಗೊತ್ತಾದರೆ ಆಕ್ಷನ್ ಸಮನಾಗಿ ಕೂತಿಲ್ಲ, ಸ್ಕ್ರೂ ಅದನ್ನು ಬಗ್ಗಿಸ್ತಿದೆ. ಆಗ ಬೆಡ್ಡಿಂಗ್ ಬೇಕು. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ತಗೊಳ್ಳಿ, ಐದು ನಿಮಿಷದ್ದು ಬೇಡ. ಲೋಹಕ್ಕೆಲ್ಲ ಮೇಣದ ಪಾಲಿಶ್ ದಪ್ಪಗೆ ಹಚ್ಚಬೇಕು, ಸ್ಕ್ರೂ ತೂತು, ಟ್ರಿಗರ್ ಜಾಗ, ಸಣ್ಣ ಸಂದು ಎಲ್ಲವನ್ನೂ ಮಕ್ಕಳಾಟದ ಕ್ಲೇಯಿಂದ ಮುಚ್ಚಬೇಕು. ಒಂದು ಸಂದು ಬಿಟ್ಟರೂ ಎಪಾಕ್ಸಿ ಅಲ್ಲಿ ಕಚ್ಚಿಕೊಂಡು ಸ್ಟಾಕ್ ಒಡೆಯದೆ ರೈಫಲ್ ಬಿಡಲ್ಲ. ಕೂರಿಸುವಾಗ ಸ್ಕ್ರೂ ಜೋರಾಗಿ ಬಿಗಿಯಲೇಬೇಡಿ, ಬಿಗಿದರೆ ಆ ಬಾಗು ಹಾಗೇ ಅಚ್ಚಾಗಿಬಿಡುತ್ತೆ. ಮತ್ತೆ, ಇದನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಮಾಡಿಸಿ. ಬಂದೂಕು ರಿಪೇರಿಗೂ 1959ರ ಆಯುಧ ಕಾಯ್ದೆಯಲ್ಲಿ ಲೈಸೆನ್ಸ್ ಬೇಕು, ಪರಿಚಯದ ಬಡಗಿ ಕೈಗೆ ಕೊಡಬೇಡಿ.

ರಾಯಚೂರು ಶೂಟರ್:
ಇಬ್ಬರಿಗೂ ಥ್ಯಾಂಕ್ಸ್. ನೋಟು ತುದಿಯಿಂದ ನಾಲ್ಕು ಬೆರಳು ಒಳಗೆ, ಬಲಗಡೆ ಸಿಕ್ಕಿಕೊಳ್ತು. ಅಲ್ಲಿ ಮರದ ಮೇಲೆ ಹೊಳೆಯುವ ಗೆರೆ ಬಿದ್ದಿದೆ. ಸ್ಕ್ರೂ ಸಡಿಲಿಸಿದಾಗ ಬೆರಳಿಗೆ ಏನೂ ಗೊತ್ತಾಗಲಿಲ್ಲ.

ಬಳ್ಳಾರಿ ರೇಂಜ್:
ಹಾಗಾದರೆ ಎಪಾಕ್ಸಿ ಇನ್ನೂ ಬೇಡ. ಬಲಗಡೆಯಿಂದ ಮರ ತಳ್ಳಿದರೆ ಗುಂಡು ಎಡಕ್ಕೇ ಹೋಗಬೇಕು, ಅಲ್ವಾ? ಆ ಗೆರೆಯ ಜಾಗ ಮಾತ್ರ ಉಜ್ಜಿಸಿ, ಬರಿಮರಕ್ಕೆ ವಾರ್ನಿಶ್ ಬಳಿಸಿ, ಅದೇ ಗುಂಡಿನಲ್ಲಿ ಮತ್ತೆ ಹೊಡೆದು ನೋಡಿ.