ಬಿತ್ತನೆ ಆಲೂಗಡ್ಡೆಯ ಸಿಪ್ಪೆಯಡಿ ತುಕ್ಕಿನ ಬಣ್ಣದ ಕಲೆ

ಪ್ರಶ್ನೆ: ಪುಣೆ ಜಿಲ್ಲೆಯ ಖೇಡ್‌ನಲ್ಲಿ ಒಂದೆಕರೆ ಗುತ್ತಿಗೆ ಹಿಡಿದು ಕುಫ್ರಿ ಜ್ಯೋತಿ ತಳಿಯ ಆಲೂಗಡ್ಡೆ ಹಾಕಬೇಕೆಂದಿದ್ದೇನೆ. ಮಂಡಿಯಿಂದ ತಂದ ಗಡ್ಡೆಗಳನ್ನು ಕೊಯ್ದಾಗ ಕೆಲವದರ ಸಿಪ್ಪೆಯಡಿ ತುಕ್ಕಿನ ಬಣ್ಣದ ಕಲೆ ಕಂಡಿತು. ಹಾಸನದಲ್ಲಿ ಅಪ್ಪ ಅಂಗಮಾರಿ ರೋಗಕ್ಕೆ ಇಡೀ ಹೊಲ ಕಳೆದುಕೊಂಡದ್ದು ನೆನಪಾಯಿತು. ಉಳಿದವನ್ನು ನೆಡಬಹುದೇ?

ಉತ್ತರ 1: ಅದು ಅಂಗಮಾರಿಯೇ ಇರಬಹುದು. ಕಲೆಯಿರುವ ಗಡ್ಡೆಗಳನ್ನು ಬದುವಿನಲ್ಲಿ ಎಸೆಯದೆ ಆಳವಾಗಿ ಹೂತುಬಿಡಿ, ಏಕೆಂದರೆ ಆ ರಾಶಿಯಲ್ಲಿ ಮೊಳೆತ ಗಿಡಗಳಿಂದಲೇ ರೋಗ ಗಾಳಿಯಲ್ಲಿ ಹರಡುತ್ತದೆ. ಸಾಧ್ಯವಾದರೆ ಕೊಯ್ಯದೆ, 40–50 ಗ್ರಾಂ ತೂಗುವ ಇಡೀ ಗಡ್ಡೆಗಳನ್ನೇ ನೆಡಿ.

ಉತ್ತರ 2: 1968ರ ತಳಿಯಾದ ಕುಫ್ರಿ ಜ್ಯೋತಿಯ ರೋಗನಿರೋಧಕ ಶಕ್ತಿಯನ್ನು ಈಗ ನಂಬುವಂತಿಲ್ಲ. ಮೋಡ ಕವಿದು ಎಲೆ ಒದ್ದೆಯಾಗಿಯೇ ಉಳಿಯುವ ದಿನಗಳಲ್ಲಿ, ರೋಗ ಕಾಣುವ ಮೊದಲೇ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕವನ್ನು ಲೀಟರ್ ನೀರಿಗೆ 2.5 ಗ್ರಾಂನಂತೆ ಸಿಂಪಡಿಸಿ.

ಉತ್ತರ 3: ಚೀಲಕ್ಕೆ ಪ್ರಮಾಣೀಕರಣದ ಚೀಟಿ ಇತ್ತೇ? ಇಲ್ಲದಿದ್ದರೆ ನೀವು ತಂದಿರುವುದು ಬಿತ್ತನೆಯಲ್ಲ, ಪಲ್ಯದ ಆಲೂಗಡ್ಡೆ.