ಸ್ಟುಡಿಯೋ ಭಾವಚಿತ್ರದಲ್ಲಿ ಕಾಣುವ ವೈಭವವನ್ನು ಎಷ್ಟರಮಟ್ಟಿಗೆ ನಂಬಬಹುದು?

ಪ್ರಶ್ನೆ: ಹಳೇಟ್ರಂಕು

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯ ತವರುಮನೆಯ ಅಟ್ಟದ ಮೇಲಿದ್ದ ಟ್ರಂಕಿನಲ್ಲಿ, ಗಟ್ಟಿ ರಟ್ಟಿಗೆ ಅಂಟಿಸಿದ ಒಂದು ಭಾವಚಿತ್ರ ದೊರೆತಿದೆ. ರಟ್ಟಿನ ಕೆಳಗೆ ಮೈಸೂರಿನ ಸ್ಟುಡಿಯೋ ಒಂದರ ಹೆಸರು ಉಬ್ಬಚ್ಚಿನಲ್ಲಿದೆ, ಇಸವಿ ಇಲ್ಲ. ಮುತ್ತಜ್ಜ ಜರಿಪೇಟ ಸುತ್ತಿ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು ತೊಟ್ಟು, ಕೆತ್ತನೆಯ ಕುರ್ಚಿಯಲ್ಲಿ ಕುಳಿತಿದ್ದಾರೆ. ಮುತ್ತಜ್ಜಿ ಪಕ್ಕದಲ್ಲಿ ನಿಂತಿದ್ದಾರೆ. ಹಿಂದೆ ಅಮೃತಶಿಲೆಯ ಮೆಟ್ಟಿಲು, ಕಂಬ, ಹೂಬಳ್ಳಿ ಕಾಣುತ್ತವೆ. ಆಶ್ಚರ್ಯವೆಂದರೆ ಮುತ್ತಜ್ಜಿಯ ಸೀರೆಯೂ ಹಣೆಯ ಕುಂಕುಮವೂ ಮಸಿಯಷ್ಟು ಕಪ್ಪಾಗಿವೆ. ಆ ಕಾಲಕ್ಕೆ ಮನೆಯಲ್ಲಿ ಬಹಳ ಐಶ್ವರ್ಯವಿತ್ತು ಎಂಬುದಕ್ಕೆ ಇದೇ ಸಾಕ್ಷಿ ಎಂದು ಸೋದರಮಾವ ಹೇಳುತ್ತಾರೆ. ಶಾನುಭೋಗಿಕೆಯಲ್ಲಿ ಅಂಥ ಐಶ್ವರ್ಯ ಎಲ್ಲಿಂದ ಬರಬೇಕು, ಅಲ್ಲದೆ ಮುತ್ತೈದೆ ಕಪ್ಪು ಸೀರೆ ಉಟ್ಟು ಫೋಟೋಕ್ಕೆ ನಿಲ್ಲುವುದುಂಟೆ ಎಂದು ದೊಡ್ಡಮ್ಮ ಕೇಳುತ್ತಾರೆ. ಇಂಥ ಚಿತ್ರದಿಂದ ಅವರ ನಿತ್ಯದ ಬದುಕಿನ ಬಗ್ಗೆ ಏನನ್ನಾದರೂ ತಿಳಿಯಲು ಸಾಧ್ಯವೇ?

ಉತ್ತರ: ಡಾರ್ಕ್‌ರೂಮ್

ಸೀರೆಯ ವಿಷಯದಲ್ಲಿ ನಿಮ್ಮ ದೊಡ್ಡಮ್ಮನವರ ಅನುಮಾನ ಸರಿಯಾಗಿಯೇ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲ್ಮಿನ ಬದಲು ಕ್ಯಾಮೆರಾಕ್ಕೆ ಹಾಕುತ್ತಿದ್ದ ಗಾಜಿನ ಪ್ಲೇಟುಗಳ ಲೇಪಕ್ಕೆ ಮುಖ್ಯವಾಗಿ ನೀಲಿ ಬೆಳಕು ಮಾತ್ರ ತಾಗುತ್ತಿತ್ತು. ಅನಂತರ ಬಂದ ಆರ್ಥೋಕ್ರೊಮ್ಯಾಟಿಕ್ ಪ್ಲೇಟು ಮತ್ತು ಫಿಲ್ಮುಗಳು ಹಸಿರನ್ನೂ ಹಿಡಿದವು, ಆದರೆ ಕೆಂಪಿಗೆ ಅವೂ ಕುರುಡೇ. ನಾವು ಕೆಂಪು ದೀಪದಲ್ಲಿ ಪ್ರಿಂಟ್ ಹಾಕುತ್ತಿದ್ದುದೂ ಇದೇ ಗುಣವನ್ನು ನಂಬಿಕೊಂಡು. ಹೀಗಾಗಿ ಕುಂಕುಮ, ಅರಿಶಿನಗೆಂಪಿನ ಸೀರೆ, ಕೆಂಪು ಅಂಚು ಎಲ್ಲವೂ ಕಪ್ಪಾಗಿಯೇ ಬೀಳುತ್ತಿದ್ದವು. ತಿಳಿನೀಲಿ ಬಟ್ಟೆ ಬಿಳಿಯಂತೆ ಕಾಣುತ್ತಿತ್ತು. ನಿಮ್ಮ ಮುತ್ತಜ್ಜಿ ಉಟ್ಟಿದ್ದು ಕೆಂಪು ಸೀರೆಯೇ ಆಗಿರುವ ಸಂಭವ ಹೆಚ್ಚು.

ನಮ್ಮ ಜನರ ಮೈಬಣ್ಣವನ್ನೂ ಈ ಲೇಪಗಳು ಇದ್ದದ್ದಕ್ಕಿಂತ ಗಾಢವಾಗಿ ತೋರಿಸುತ್ತಿದ್ದವು. ಅದಕ್ಕಾಗಿ ಮುಖಕ್ಕೆ ಪೌಡರ್ ಹಚ್ಚುವುದು, ನೆಗೆಟಿವ್ ಮೇಲೆ ಮೊನಚಾದ ಪೆನ್ಸಿಲ್‌ನಿಂದ ಟಚಿಂಗ್ ಮಾಡಿ ಕೆನ್ನೆಯನ್ನು ತಿಳಿಗೊಳಿಸುವುದು ಸ್ಟುಡಿಯೋಗಳ ದಿನನಿತ್ಯದ ಕೆಲಸವಾಗಿತ್ತು. ಕೆಂಪನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಂದ ಮೇಲೂ ಎಷ್ಟೋ ಕಡೆ ಹಳೆಯ ಸರಕೇ ನಡೆಯುತ್ತಿದ್ದುದರಿಂದ, ಕಪ್ಪು ಕುಂಕುಮವೊಂದನ್ನೇ ನೋಡಿ ಇಸವಿ ಕಟ್ಟಬೇಡಿ.

ಉತ್ತರ: ನೆರಿಗೆ

ಹಿಂದಿನ ಮೆಟ್ಟಿಲು ಮತ್ತು ಕಂಬ ಬಟ್ಟೆಯ ಮೇಲೆ ಬಿಡಿಸಿದ ಪರದೆ ಎಂಬುದರಲ್ಲಿ ಸಂಶಯವಿಲ್ಲ. ಕುರ್ಚಿ, ಹೂದಾನಿ, ಕೈಗೆ ಕೊಡುವ ದಪ್ಪ ಪುಸ್ತಕ ಇವೆಲ್ಲ ಸ್ಟುಡಿಯೋದ ಆಸ್ತಿ. ಗಿರಾಕಿಗಳಿಗೆಂದು ಕೋಟು, ಪೇಟಗಳನ್ನೂ ಇಟ್ಟುಕೊಂಡಿದ್ದ ಸ್ಟುಡಿಯೋಗಳಿದ್ದವು. ಹಾಗೆಂದು ಇದನ್ನು ಬರಿಯ ವೇಷವೆಂದು ತಳ್ಳಿಹಾಕಬೇಡಿ. ಯಾವ ರೂಪದಲ್ಲಿ ನಾಲ್ಕು ಜನ ತಮ್ಮನ್ನು ನೋಡಬೇಕೆಂದು ಆ ದಂಪತಿ ಬಯಸಿದರು ಎಂಬುದೂ ಚರಿತ್ರೆಯೇ, ಮತ್ತು ಅದು ಕಂದಾಯದ ಕಡತಗಳಲ್ಲಿ ಸಿಗುವಂಥದ್ದಲ್ಲ. ಒಬ್ಬ ಗೃಹಿಣಿ ಪರಪುರುಷನ ಕ್ಯಾಮೆರಾದ ಮುಂದೆ ನಿಲ್ಲುವುದೇ ಹಲವು ಮನೆತನಗಳಲ್ಲಿ ದೊಡ್ಡ ಸಂಗತಿಯಾಗಿತ್ತು. ಛಾಯಾಗ್ರಾಹಕ ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಪರಪುರುಷರಿಗೆ ಮುಖ ತೋರಿಸದ ಗೋಷಾ ಪದ್ಧತಿಯ ಹೆಂಗಸರಿಗಾಗಿಯೇ ಪ್ರತ್ಯೇಕ ಸ್ಟುಡಿಯೋ ತೆರೆದು, ಅದರ ಹೊಣೆಯನ್ನು ಒಬ್ಬ ಮಹಿಳೆಗೆ ವಹಿಸಿದ್ದು ಈ ಕಾರಣಕ್ಕೇ.

ನಿತ್ಯದ ಬದುಕು ಬೇಕಿದ್ದರೆ, ಸಿಂಗರಿಸಲು ಯಾರಿಗೂ ತೋಚದ ಜಾಗಗಳನ್ನು ಭೂತಗನ್ನಡಿ ಹಿಡಿದು ನೋಡಿ. ಕೋಟಿನ ತೋಳು ಮಣಿಕಟ್ಟಿಗೆ ಸರಿಹೊಂದಿದೆಯೇ? ಕಾಲಿಗೆ ಜೋಡು ಇದೆಯೇ, ಇದ್ದರೆ ಅದು ಸವೆದಿದೆಯೇ? ಸೀರೆಯ ಮೇಲೆ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಗೆರೆಗಳು ಎದ್ದು ಕಾಣುತ್ತಿವೆಯೇ?

ಉತ್ತರ: ನೇತ್ರಾವತಿ

ಹಿಂದಿನವರ ಮಾತನ್ನು ಒಪ್ಪುತ್ತಲೇ, ದುಡಿಯುವ ಜನರ ಬದುಕನ್ನು ಸ್ಟುಡಿಯೋ ಚಿತ್ರಗಳಲ್ಲಿ ಹುಡುಕುವುದು ಅಷ್ಟು ಫಲಕಾರಿಯಲ್ಲ ಎಂದು ನನಗನ್ನಿಸುತ್ತದೆ. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆಯವರು ತೆಗೆಸಿದ ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಫ್ತರಖಾನೆಯಲ್ಲಿವೆ, ಅಂತರ್ಜಾಲದಲ್ಲಿಯೂ ನೋಡಲು ಸಿಗುತ್ತವೆ. ಹಂಚಿನ ಕಾರ್ಖಾನೆ, ಮಗ್ಗ, ಮುದ್ರಣಾಲಯ, ಶಾಲೆ ಇಂಥವುಗಳ ಚಿತ್ರಗಳನ್ನು ನೋಡಿದರೆ ಆ ಕಾಲದ ಕೆಲಸದ ಜಾಗಗಳು ಕಣ್ಣಿಗೆ ಕಟ್ಟುತ್ತವೆ. ಆದರೆ ಅವೂ ಯುರೋಪಿನ ದಾನಿಗಳಿಗೆ ಮಿಶನ್ನಿನ ಕೆಲಸವನ್ನು ತೋರಿಸುವ ಉದ್ದೇಶದಿಂದ ತೆಗೆದವು. ಸಾಲಾಗಿ ನಿಲ್ಲಿಸಿದವರ ಮುಖದಲ್ಲಿ ಆ ಬಿಗುಪು ತಿಳಿಯುತ್ತದೆ. ಯಾರನ್ನೂ ಸಾಲಿಗೆ ನಿಲ್ಲಿಸದೆ, ಬೀದಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಹಿಡಿದ ಚಿತ್ರಗಳು ಬೇಕಾದರೆ ಮೈಸೂರಿನವರೇ ಆದ ಟಿ. ಎಸ್. ಸತ್ಯನ್ (1923–2009) ಅವರವನ್ನು ನೋಡಿ. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡಿದ್ದವು.

ಹಳೇಟ್ರಂಕು:

ಎಲ್ಲರಿಗೂ ಧನ್ಯವಾದಗಳು. ಭೂತಗನ್ನಡಿ ಹಿಡಿದು ನೋಡಿದೆ. ಕೋಟಿನ ತೋಳು ಬೆರಳಿನ ಗೆಣ್ಣಿನವರೆಗೂ ಇಳಿದಿದೆ, ಮುತ್ತಜ್ಜನದು ಬರಿಗಾಲು. ಆದರೆ ಮುತ್ತಜ್ಜಿಯ ಸೊಂಟದ ಡಾಬು ಸ್ಟುಡಿಯೋದ್ದಲ್ಲ. ಒಂದು ಕೊಂಡಿ ಬೇರೆ ಆಕಾರದ್ದಾಗಿರುವ ಅದೇ ಡಾಬು ಈಗ ದೊಡ್ಡಮ್ಮನ ಬಳಿ ಇದೆ. ಸೋದರಮಾವ ಈ ಡಾಬನ್ನೇ ಹಿಡಿದು ವಾದ ಮುಂದುವರಿಸಿದ್ದಾರೆ. ಇನ್ನೊಂದು ವಿಷಯ: ಇದೇ ಟ್ರಂಕಿನಲ್ಲಿರುವ ಇನ್ನೊಂದು ಚಿತ್ರ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದೆ. ಅದನ್ನು ಬಿಡಿಸುವುದು ಹೇಗೆ?

ಉತ್ತರ: ಡಾರ್ಕ್‌ರೂಮ್

ದಯವಿಟ್ಟು ಬಿಡಿಸಲು ಹೋಗಬೇಡಿ. ಮಳೆಗಾಲದ ತೇವಕ್ಕೆ ಚಿತ್ರದ ಮೇಲಿನ ಜಿಲೆಟಿನ್ ಪದರ ಮೆತ್ತಗಾಗಿ ಗಾಜಿಗೆ ಕಚ್ಚಿಕೊಂಡಿರುತ್ತದೆ. ಎಳೆದರೆ ಮುಖವೇ ಗಾಜಿನೊಂದಿಗೆ ಕಿತ್ತುಬರುತ್ತದೆ. ಗಾಜಿನ ಸಮೇತವಾಗಿಯೇ 600 ಡಿಪಿಐ (ಅಂಗುಲಕ್ಕೆ 600 ಚುಕ್ಕಿ) ಅಥವಾ ಅದಕ್ಕೂ ಹೆಚ್ಚಿನಲ್ಲಿ ಸ್ಕ್ಯಾನ್ ಮಾಡಿಸಿ. ರಟ್ಟಿನ ಚಿತ್ರವನ್ನು ಅಂಟುಹಾಳೆಯ ಆಲ್ಬಮ್ಮಿಗೆ ಸೇರಿಸದೆ, ಆಮ್ಲರಹಿತ ಕಾಗದದಲ್ಲಿ ಸುತ್ತಿ, ಅಟ್ಟಕ್ಕೆ ಬದಲು ಮನೆಯೊಳಗಿನ ಒಣ ಕಪಾಟಿನಲ್ಲಿಡಿ. ದೊಡ್ಡಮ್ಮನವರನ್ನು ಕೂರಿಸಿಕೊಂಡು, ಚಿತ್ರದಲ್ಲಿರುವವರ ಹೆಸರು, ಊರುಗಳನ್ನು ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ ಬರೆದಿಡಿ. ಬಾಲ್‌ಪೆನ್ ಮಾತ್ರ ಬೇಡ.